ನಿಮಗಿದು ಗೊತ್ತೇ? ಬೇಟೆ ಬಿಲ್ಲಿಗೆ ಎಷ್ಟು ಬಲ ಬೇಕು

ಬಿಲ್ಲಿನ ‘ಡ್ರಾ ವೇಟ್’ ಅದರ ತೂಕವಲ್ಲ. ಹೆದೆಯನ್ನು ಪೂರ್ತಿ ಎಳೆಯಲು ಬೇಕಾಗುವ ಬಲ. ಅಳತೆ ಪೌಂಡ್‌ನಲ್ಲಿ.

ತುದಿಗಳು ಮುಂದಕ್ಕೆ ಬಾಗಿದ ರಿಕರ್ವ್ ಬಿಲ್ಲಿನ ಮೇಲೆ ನಮೂದಿಸಿರುವ ಅಂಕಿ ಸಾಮಾನ್ಯವಾಗಿ 28 ಇಂಚಿನ ಎಳೆತಕ್ಕೆ ಮಾತ್ರ ಸರಿ. ಉದ್ದ ತೋಳಿನವರು ಇನ್ನೊಂದು ಇಂಚು ಎಳೆದರೆ ಸುಮಾರು ಎರಡು ಪೌಂಡ್ ಏರುತ್ತದೆ, ಗಿಡ್ಡ ತೋಳಿನವರಿಗೆ ಅಷ್ಟೇ ಇಳಿಯುತ್ತದೆ.

ಅಮೆರಿಕದ ಹಲವು ರಾಜ್ಯಗಳಲ್ಲಿ ಬೇಟೆ ಬಿಲ್ಲಿನ ಕನಿಷ್ಠ ಬಲವನ್ನು ಕಾನೂನೇ ಹೇಳುತ್ತದೆ. ಕೊಲೊರಾಡೊದಲ್ಲಿ ದೊಡ್ಡ ಪ್ರಾಣಿಗಳಿಗೆ 35 ಪೌಂಡ್. ಅಲಾಸ್ಕದಲ್ಲಿ ಜಿಂಕೆಗೆ 40, ಮೂಸ್ ಮತ್ತು ಕಂದು ಕರಡಿಗೆ 50.

ಹಾಗಾದರೆ ಬಲ ಹೆಚ್ಚಿದಷ್ಟೂ ಒಳ್ಳೆಯದೇ? ಖಂಡಿತ ಅಲ್ಲ. ಬಾಣ ಗುಂಡಿನಂತೆ ಆಘಾತದಿಂದ ಕೊಲ್ಲುವುದಿಲ್ಲ; ಹರಿತವಾದ ಅಲಗು ಶ್ವಾಸಕೋಶ, ಹೃದಯ ಕತ್ತರಿಸಿ ರಕ್ತ ಹರಿದರೆ ಮಾತ್ರ ಪ್ರಾಣಿ ಬೇಗ ಸಾಯುತ್ತದೆ. ನಡುಗುವ ಕೈಯಿಂದ ಹೊರಟ 70 ಪೌಂಡ್ ಬಿಲ್ಲಿನ ಬಾಣ ಹೊಟ್ಟೆಗೆ ನಾಟಿದರೆ ಪ್ರಾಣಿ ಗಂಟೆಗಟ್ಟಲೆ ನರಳುತ್ತದೆ. ನೆಟ್ಟಗೆ ಹೋದ 45 ಪೌಂಡ್ ಬಿಲ್ಲಿನ ಬಾಣವೇ ಮೇಲು.

ಬಿಲ್ಲು ನಿಮಗೆ ತಕ್ಕದ್ದೇ ಎಂಬ ಪರೀಕ್ಷೆ ಸುಲಭ. ಕುರ್ಚಿಯಲ್ಲಿ ಕುಳಿತು, ಬಿಲ್ಲನ್ನು ಗುರಿಯತ್ತಲೇ ಹಿಡಿದು, ಹೆದೆಯನ್ನು ನಿಧಾನವಾಗಿ ಎಳೆಯಿರಿ. ಎಳೆಯಲು ಬಿಲ್ಲನ್ನು ಆಕಾಶಕ್ಕೆ ಎತ್ತಬೇಕಾಯಿತೇ? ಅದು ನಿಮಗೆ ಭಾರ. ಚಳಿಯಲ್ಲಿ, ಮರದ ಮೇಲೆ ಗಂಟೆಗಟ್ಟಲೆ ಅಲುಗದೆ ಕೂತ ಮೇಲೆ ಅದೇ ಬಿಲ್ಲು ಇನ್ನಷ್ಟು ಭಾರವಾಗುತ್ತದೆ.

ಬಲ ಹೆಚ್ಚಿದರೆ ಬಾಣ ಬೇಗ ತಲುಪುತ್ತದಲ್ಲವೇ? ಸೆಕೆಂಡಿಗೆ ಸುಮಾರು 55 ಮೀಟರ್ ಓಡುವ ಬಾಣಕ್ಕೆ 20 ಮೀಟರ್ ದಾಟಲು ಸೆಕೆಂಡಿನ ಮೂರನೇ ಒಂದು ಭಾಗಕ್ಕಿಂತ ತುಸು ಹೆಚ್ಚು ಬೇಕು. ಹೆದೆಯ ಸದ್ದು ಅದರ ಆರರಲ್ಲೊಂದು ಪಾಲಿನ ಹೊತ್ತಿನಲ್ಲೇ ಜಿಂಕೆಯ ಕಿವಿ ಮುಟ್ಟಿರುತ್ತದೆ, ಅದು ಬೆಚ್ಚಿ ಬಗ್ಗುತ್ತದೆ. ಬಲ ಹೆಚ್ಚಿಸಿ ಸದ್ದನ್ನು ಸೋಲಿಸಲಾಗದು. ಹತ್ತಿರ ಹೋಗುವುದೇ ದಾರಿ.

ಮಿಸ್ಸೂರಿಯ ಹಾಲೆಸ್ ವಿಲ್ಬರ್ ಆಲನ್ 1969ರಲ್ಲಿ ಪೇಟೆಂಟ್ ಪಡೆದ, ತುದಿಗಳಲ್ಲಿ ಗಾಲಿಗಳಿರುವ ಕಾಂಪೌಂಡ್ ಬಿಲ್ಲು ಲೆಕ್ಕವನ್ನೇ ಬದಲಿಸಿತು. 70 ಪೌಂಡ್ ಬಿಲ್ಲನ್ನು ಪೂರ್ತಿ ಎಳೆದ ಮೇಲೆ ಅದರ ಗಾಲಿಗಳು ಶೇ. 80ರಷ್ಟು ಭಾರ ಇಳಿಸಿದರೆ ಬೆರಳಿಗೆ ಉಳಿಯುವುದು 14 ಪೌಂಡ್ ಮಾತ್ರ. ಆದರೆ ಮೊದಲು 70 ದಾಟಲೇಬೇಕು.

1545ರಲ್ಲಿ ಮುಳುಗಿದ ಇಂಗ್ಲೆಂಡಿನ ಯುದ್ಧನೌಕೆ ‘ಮೇರಿ ರೋಸ್’ನಲ್ಲಿ ಸಿಕ್ಕ ಯೂ ಮರದ ಬಿಲ್ಲುಗಳ ಬಲ 100 ಪೌಂಡ್ ಮೀರುತ್ತದೆಂಬುದು ತಜ್ಞರ ಅಂದಾಜು. ಅವು ಯುದ್ಧದ ಬಿಲ್ಲುಗಳು, ಬಾಲ್ಯದಿಂದಲೇ ಪಳಗಿದ ತೋಳುಗಳಿಗೆ. ಬೇಟೆಗೆ ಅವನ್ನು ಮಾದರಿಯಾಗಿ ಇಟ್ಟುಕೊಳ್ಳಬೇಡಿ.

ಬಿಲ್ಲಿನ ಬಲ ಏರಿಸಿದರೆ ಬಾಣದ ಬಿಗುವೂ ಹೆಚ್ಚಬೇಕು. ತೀರಾ ಬಾಗುವ ಬಾಣ ದಾರಿ ತಪ್ಪುತ್ತದೆ, ಮುರಿದು ಕೈಗೂ ಚುಚ್ಚೀತು.

ನಮ್ಮಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಬೇಟೆ ಅಪರಾಧ. ಕರ್ನಾಟಕದಲ್ಲಿ ಬಿಲ್ಲು ಹಿಡಿಯುವವರ ಗುರಿ ಕ್ರೀಡಾಂಗಣದ ಹಲಗೆ ಮಾತ್ರ. ಮೊದಲ ಬಾರಿಗಾದರೆ 20–25 ಪೌಂಡ್‌ನಿಂದಲೇ ಶುರು ಮಾಡಿ.