ತೂಕ ಇಳಿದರೂ ಮಗನ ಎದೆ ಇಳಿಯದಿದ್ದರೆ



ಸಾಲದ ಅರ್ಜಿಯಲ್ಲಿ ಕಾರಣ ಬರೆಯುವ ಜಾಗದಲ್ಲಿ ಹಸು, ಹೊಲಿಗೆ ಮಿಷನ್, ಮಗಳ ಫೀಸು, ಮನೆ ರಿಪೇರಿ ಎಂದೆಲ್ಲ ಬರೆದಿರುವುದನ್ನು ನಾವು ನೋಡಿದ್ದೇವೆ. ಒಂದು ಸಂಘದಲ್ಲಿ ಒಬ್ಬ ತಾಯಿ ಆ ಜಾಗವನ್ನು ಖಾಲಿ ಬಿಟ್ಟಿದ್ದರು. ಕೇಳಿದ್ದು 90,000 ರೂಪಾಯಿ. "ಆಸ್ಪತ್ರೆ ಖರ್ಚು" ಅಂದರು, ಯಾರಿಗೆ ಅಂದರೆ ಉತ್ತರವಿಲ್ಲ. ಸಭೆ ಮುಗಿದು ಎಲ್ಲರೂ ಹೋದ ಮೇಲೆ ನಮ್ಮ ಹತ್ತಿರ ಬಂದು, "ಸಿಸ್ಟರ್, ನನ್ನ ಮಗನಿಗೆ ಹೆಂಗಸರ ಹಾಗೆ ಎದೆ ಇದೆ. ಅದನ್ನ ಆಪರೇಷನ್ ಮಾಡಿ ತೆಗೀತಾರಂತೆ" ಎಂದು ಹೇಳಿ ಅತ್ತರು.

ಹುಡುಗನಿಗೆ 23 ವರ್ಷ. ಹಿಂದೆ 112 ಕಿಲೊ ತೂಗುತ್ತಿದ್ದ. ಎರಡು ವರ್ಷ ಬೆಳಗಾಗೆದ್ದು ಓಡಿ, ಬೇಕರಿ ತಿಂಡಿ ಬಿಟ್ಟು, ಅನ್ನ ಕಡಿಮೆ ಮಾಡಿ 76ಕ್ಕೆ ಇಳಿಸಿದ್ದ. ಮುಖ ಇಳೀತು, ಹೊಟ್ಟೆ ಇಳೀತು, ಎದೆ ಮಾತ್ರ ಇಳಿಯಲಿಲ್ಲ. ಮೊದಲು ಮೈಯೆಲ್ಲಾ ದಪ್ಪವಿದ್ದಾಗ ಅದು ಬೇರೆಯಾಗಿ ಕಾಣುತ್ತಿರಲಿಲ್ಲ, ಈಗ ಎದ್ದು ಕಾಣತೊಡಗಿತು. ಸೆಕೆಗಾಲದಲ್ಲೂ ಎರಡು ಬನಿಯನ್, ಅದರ ಮೇಲೆ ದೊಡ್ಡ ಶರ್ಟು. ಕೆರೆಯಲ್ಲಿ ಈಜುವುದು ಬಿಟ್ಟ. ಹೆಣ್ಣು ನೋಡುವ ಮಾತು ತೆಗೆದರೆ ತಟ್ಟೆ ಬಿಟ್ಟು ಏಳುತ್ತಿದ್ದ. ಅಷ್ಟು ಕಷ್ಟಪಟ್ಟು ತೂಕ ಇಳಿಸಿದವನಿಗೆ ಅದರ ಸಂತೋಷವೇ ಸಿಗಲಿಲ್ಲ. ಇದನ್ನು ಹುಡುಗಾಟ, ಶೋಕಿ ಎಂದು ತಳ್ಳಿಹಾಕುವುದು ಸರಿಯಲ್ಲ ಅಂತ ನಮಗೆ ಅನಿಸಿತು. ಆದರೆ 90,000 ಸಾಲವೂ ಸಣ್ಣ ಮಾತಲ್ಲ. ನಮಗೂ ಇದರ ಬಗ್ಗೆ ಆಗ ಗೊತ್ತಿದ್ದುದು ಕಡಿಮೆ, ವೈದ್ಯರನ್ನು ಕೇಳಿ ತಿಳಿದುಕೊಂಡೆವು.

ಗಂಡಸರಿಗೂ ಮೊಲೆತೊಟ್ಟಿನ ಹಿಂದೆ ಸ್ವಲ್ಪ ಸ್ತನದ ಗ್ರಂಥಿ ಇರುತ್ತದೆ. ಸಾಮಾನ್ಯವಾಗಿ ಅದು ಬೆಳೆಯುವುದಿಲ್ಲ. ಗಂಡಸರ ದೇಹದಲ್ಲೂ ಹೆಣ್ಣಿನ ಹಾರ್ಮೋನು ಸ್ವಲ್ಪ ಇರುತ್ತದೆ, ಗಂಡಿನ ಹಾರ್ಮೋನಿನ ಜೊತೆ ಅದರ ಸಮತೋಲನ ತಪ್ಪಿ ಅದರ ಪ್ರಭಾವ ಹೆಚ್ಚಾದರೆ ಗ್ರಂಥಿ ಬೆಳೆಯುತ್ತದೆ. ಇದಕ್ಕೆ ವೈದ್ಯರು ಗೈನೆಕೊಮಾಸ್ಟಿಯಾ ಎನ್ನುತ್ತಾರೆ. ಹರೆಯಕ್ಕೆ ಬರುವ ಹುಡುಗರಲ್ಲಿ ಇದು ಬಹಳ ಸಾಮಾನ್ಯ. ಹೆಚ್ಚಿನವರಿಗೆ ಆರು ತಿಂಗಳಿಂದ ಎರಡು ವರ್ಷದೊಳಗೆ ತಾನಾಗಿಯೇ ಹೋಗುತ್ತದೆ. ಆದ್ದರಿಂದ 13–14 ವರ್ಷದ ಮಗನ ಎದೆ ಉಬ್ಬಿದೆ ಎಂದು ಗಾಬರಿಯಾಗಿ ಆಪರೇಷನ್‌ಗೆ ಓಡಬೇಡಿ, ಒಮ್ಮೆ ಡಾಕ್ಟರಿಗೆ ತೋರಿಸಿ ಕಾಯಿರಿ. ದಪ್ಪಗಿರುವವರಲ್ಲಿ ಇನ್ನೊಂದು ವಿಷಯ ಸೇರುತ್ತದೆ: ಮೈಯ ಕೊಬ್ಬು ತಾನೇ ಹೆಣ್ಣಿನ ಹಾರ್ಮೋನನ್ನು ತಯಾರಿಸುತ್ತದೆ.

ತೂಕ ಇಳಿದ ಮೇಲೆ ಎದೆಯಲ್ಲಿ ಉಳಿದಿರುವುದು ಏನು? ಮೂರರಲ್ಲಿ ಒಂದು, ಅಥವಾ ಮೂರೂ ಸೇರಿ. ಒಂದು, ಇನ್ನೂ ಕರಗದ ಕೊಬ್ಬು. ಇದು ಊಟ, ವ್ಯಾಯಾಮದಿಂದ ಇನ್ನೂ ಇಳಿಯಬಹುದು. ಎರಡು, ಗ್ರಂಥಿ. ಮಲಗಿಕೊಂಡು ಎರಡು ಬೆರಳಿನಿಂದ ಎರಡೂ ಕಡೆಯಿಂದ ತೊಟ್ಟಿನ ಕಡೆಗೆ ಒತ್ತಿದರೆ, ತೊಟ್ಟಿನ ಕೆಳಗೆ ದೊಡ್ಡ ನಾಣ್ಯದ ಹಾಗೆ ಗಟ್ಟಿಯಾಗಿ ಸಿಗುತ್ತದೆ. ವರ್ಷ ದಾಟಿ ಗಟ್ಟಿಯಾದ ಗ್ರಂಥಿ ಓಡಿದರೂ, ಉಪವಾಸ ಮಾಡಿದರೂ ಕರಗುವುದಿಲ್ಲ. ದಂಡ ಹೊಡೆದರೆ ಅದರ ಕೆಳಗಿನ ಮಾಂಸ ಬಲವಾಗುತ್ತದೆ ಅಷ್ಟೆ. ಅದನ್ನು ಕರಗಿಸುವ ಎಣ್ಣೆ, ಮುಲಾಮು ಯಾವುದೂ ಇಲ್ಲ, ಜಾಹೀರಾತು ನೋಡಿ ದುಡ್ಡು ಕಳೆದುಕೊಳ್ಳಬೇಡಿ. ಮೂರನೆಯದು ಚರ್ಮ. ಹೆರಿಗೆಯಾದ ಮೇಲೆ ನಮ್ಮ ಅಕ್ಕಂದಿರ ಹೊಟ್ಟೆಯ ಚರ್ಮ ಸಡಿಲವಾಗುತ್ತದಲ್ಲ, ಹಾಗೆಯೇ. ವರ್ಷಗಟ್ಟಲೆ ಹಿಗ್ಗಿದ ಚರ್ಮ ಒಳಗಿನ ಕೊಬ್ಬು ಹೋದ ಕೂಡಲೆ ಹಿಂದಕ್ಕೆ ಹೋಗುವುದಿಲ್ಲ. ಸಣ್ಣ ಪ್ರಾಯದವರಲ್ಲಿ ನಿಧಾನಕ್ಕೆ ಸ್ವಲ್ಪ ಬಿಗಿಯಾಗುತ್ತದೆ. ತುಂಬಾ ತೂಕ ಇಳಿಸಿದವರಲ್ಲಿ ಜೋತುಬಿದ್ದೇ ಉಳಿಯಬಹುದು.

ಈ ಮೂರರಲ್ಲಿ ಯಾವುದು ಎಂದು ಗೊತ್ತಾಗದೆ ಆಪರೇಷನ್ ಮಾತೇ ಬೇಡ. ಯಾಕೆಂದರೆ ಒಂದೊಂದಕ್ಕೆ ಒಂದೊಂದು ಥರ. ಕೊಬ್ಬಾದರೆ ಸಣ್ಣ ತೂತು ಮಾಡಿ ನಳಿಗೆಯಿಂದ ಎಳೆದು ತೆಗೆಯುತ್ತಾರೆ, ಅದೇ ಲೈಪೊಸಕ್ಷನ್. ಗಟ್ಟಿ ಗ್ರಂಥಿ ಇದ್ದರೆ ತೊಟ್ಟಿನ ಸುತ್ತಲ ಕಪ್ಪು ಭಾಗದ ಕೆಳ ಅಂಚಿನಲ್ಲಿ ಅರ್ಧಚಂದ್ರದ ಹಾಗೆ ಕೊಯ್ದು ತೆಗೆಯುತ್ತಾರೆ. ಕಲೆ ಅಷ್ಟಾಗಿ ಕಾಣುವುದಿಲ್ಲ. ಚರ್ಮ ಬಹಳ ಜೋತಿದ್ದರೆ ಅದನ್ನೂ ಕತ್ತರಿಸಬೇಕು, ಆಗ ಎದೆಯ ಅಡ್ಡಕ್ಕೆ ಉದ್ದ ಕಲೆ ಉಳಿಯುತ್ತದೆ, ಕೆಲವರಿಗೆ ತೊಟ್ಟನ್ನೇ ಬಿಡಿಸಿ ಬೇರೆ ಜಾಗಕ್ಕೆ ಕೂರಿಸುತ್ತಾರೆ. ಎದೆಯ ಮೇಲಿನ ಗಾಯ ಕೆಲವರ ಮೈಯಲ್ಲಿ ಉಬ್ಬಿದ ಕಲೆಯಾಗಿ ಬೆಳೆಯುತ್ತದೆ. ಹಿಂದೆ ಗಾಯವಾದಲ್ಲಿ ಹೀಗೆ ಆಗಿದ್ದರೆ ಮೊದಲೇ ಹೇಳಬೇಕು. ಶರ್ಟು ತೆಗೆಯಲು ನಾಚಿಕೆ ಎಂದು ಆಪರೇಷನ್ ಮಾಡಿಸಿ, ಆಮೇಲೆ ಕಲೆ ಕಾಣುತ್ತದೆ ಎಂದು ಶರ್ಟು ತೆಗೆಯದೆ ಇದ್ದರೆ ಏನು ಬಂತು? ಇದನ್ನು ಹುಡುಗನೇ ಯೋಚಿಸಬೇಕು, ಅಮ್ಮನಲ್ಲ. ಕೆಲವು ವೈದ್ಯರು ಮೊದಲು ಗ್ರಂಥಿ ಮಾತ್ರ ತೆಗೆದು, ಆರು ತಿಂಗಳೋ ವರ್ಷವೋ ಚರ್ಮ ಎಷ್ಟು ಬಿಗಿಯುತ್ತದೆ ನೋಡಿ ಆಮೇಲೆ ಮುಂದಿನದು ಎನ್ನುತ್ತಾರೆ. ಇದು ನಮಗೆ ಬುದ್ಧಿವಂತಿಕೆಯ ದಾರಿ ಎನಿಸುತ್ತದೆ.

ಆಪರೇಷನ್‌ಗೆ ಮುಂಚೆ ಕಾರಣ ಹುಡುಕಬೇಕು. ಜಿಮ್ಮಿನಲ್ಲಿ ಮೈ ಕಟ್ಟಲು ಕೊಡುವ ಸ್ಟೀರಾಯ್ಡ್ ಇಂಜೆಕ್ಷನ್, ಹೆಚ್ಚಿನ ಕುಡಿತದಿಂದ ಹಾಳಾದ ಲಿವರ್, ಕಿಡ್ನಿ ತೊಂದರೆ, ಥೈರಾಯ್ಡ್, ಕೂದಲು ಉದುರುವುದಕ್ಕೆ ತಿನ್ನುವ ಫಿನಾಸ್ಟರೈಡ್, ಹೃದಯ ಮತ್ತು ಲಿವರ್ ರೋಗಿಗಳಿಗೆ ನೀರಿಳಿಸಲು ಕೊಡುವ ಸ್ಪೈರೊನೊಲ್ಯಾಕ್ಟೋನ್, ಮಾನಸಿಕ ಕಾಯಿಲೆಯ ಕೆಲವು ಮಾತ್ರೆ, ಇವೆಲ್ಲದರಿಂದ ಎದೆ ಬೆಳೆಯಬಹುದು. ಅಪರೂಪಕ್ಕೆ ವೃಷಣದ ಗಡ್ಡೆಯಿಂದಲೂ ಆಗುತ್ತದೆ, ಅದಕ್ಕೇ ಡಾಕ್ಟರು ಅಲ್ಲೂ ಪರೀಕ್ಷೆ ಮಾಡುತ್ತಾರೆ, ಹುಡುಗ ಸಂಕೋಚಪಡಬಾರದು. ಮಾತ್ರೆ ಕಾರಣವೆಂದು ಅನುಮಾನ ಬಂದರೆ ನೀವೇ ನಿಲ್ಲಿಸಬೇಡಿ, ಬರೆದುಕೊಟ್ಟ ಡಾಕ್ಟರನ್ನು ಕೇಳಿ. ಕಾರಣ ಹಾಗೇ ಉಳಿದರೆ ಆಪರೇಷನ್ ಆದ ಮೇಲೂ ಮತ್ತೆ ಬೆಳೆಯಬಹುದು.

ಒಂದೇ ಬದಿಯಲ್ಲಿ ಕಲ್ಲಿನಂಥ ಗಂಟು, ತೊಟ್ಟಿನಿಂದ ರಕ್ತ, ಚರ್ಮ ಒಳಕ್ಕೆ ಎಳೆದಂತಿರುವುದು, ಕಂಕುಳಲ್ಲಿ ಗಂಟು ಕಂಡರೆ ತಡ ಮಾಡದೆ ತೋರಿಸಿ. ಗಂಡಸರಿಗೂ ಸ್ತನ ಕ್ಯಾನ್ಸರ್ ಬರುತ್ತದೆ. ಒಟ್ಟು ಸ್ತನ ಕ್ಯಾನ್ಸರಿನಲ್ಲಿ ಅದು ನೂರಕ್ಕೆ ಒಂದರಷ್ಟು. ಹೆಚ್ಚಾಗಿ ವಯಸ್ಸಾದವರಿಗೆ, ಆದ್ದರಿಂದ ಮನೆಯ ಯಜಮಾನರ ವಿಷಯದಲ್ಲೂ ಗಮನವಿರಲಿ.

ಇನ್ನು ಕಾಯುವ ವಿಷಯ. ತೂಕ ಇಳಿಯುತ್ತಲೇ ಇರುವಾಗ ಆಪರೇಷನ್ ಮಾಡಿಸಬಾರದು. ಕಡೇಪಕ್ಷ ಆರು ತಿಂಗಳು ತೂಕ ಒಂದೇ ಕಡೆ ನಿಂತಿರಬೇಕು. ಹೊಟ್ಟೆಯ ಆಪರೇಷನ್ ಮಾಡಿಸಿ ತೂಕ ಇಳಿಸಿದವರು ಸಾಮಾನ್ಯವಾಗಿ ಒಂದರಿಂದ ಒಂದೂವರೆ ವರ್ಷ ಕಾಯಬೇಕಾಗುತ್ತದೆ. ಬೀಡಿ ಸಿಗರೇಟು ಇದ್ದರೆ ತಿಂಗಳ ಮೊದಲೇ ಬಿಡಬೇಕು, ಇಲ್ಲದಿದ್ದರೆ ಗಾಯ ಸರಿಯಾಗಿ ಕೂಡುವುದಿಲ್ಲ. ಆಪರೇಷನ್ ಆದ ಮೇಲೆ ಕೆಲವು ವಾರ ಬಿಗಿಯಾದ ಬನಿಯನ್ ಹಗಲು ರಾತ್ರಿ ಹಾಕಿರಬೇಕು, ಒಂದೂವರೆ ತಿಂಗಳವರೆಗೆ ಮೂಟೆ ಹೊರುವುದು, ಮರ ಹತ್ತುವುದು ಇಲ್ಲ. ಕೂಲಿಯ ಮನೆಗೆ ಇದೂ ಒಂದು ಖರ್ಚೇ, ಸಾಲದ ಲೆಕ್ಕದಲ್ಲಿ ಸೇರಿಸಿ. ಒಳಗೆ ರಕ್ತ ಅಥವಾ ನೀರು ಕಟ್ಟುವುದು, ತೊಟ್ಟಿನ ಸ್ಪರ್ಶ ಕಡಿಮೆಯಾಗುವುದು, ಎರಡು ಬದಿ ಸಮ ಬಾರದಿರುವುದು, ತಗ್ಗು ಬೀಳುವುದು, ಇವೂ ಆಗಬಹುದು ಎಂದು ಡಾಕ್ಟರು ಮೊದಲೇ ಹೇಳಬೇಕು. ಹೇಳದಿದ್ದರೆ ನೀವೇ ಕೇಳಿ. ತೆಗೆದ ಗಂಟನ್ನು ಲ್ಯಾಬಿಗೆ ಕಳಿಸುತ್ತಾರಾ ಎಂದೂ ಕೇಳಿ.

ಆಯುಷ್ಮಾನ್ ಕಾರ್ಡಿದೆಯಲ್ಲ ಎನ್ನುವವರಿಗೆ: ಅಂದಕ್ಕಾಗಿ ಮಾಡುವ ಆಪರೇಷನ್ ಆ ಯೋಜನೆಗೆ ಸೇರಿಲ್ಲ, ಇದನ್ನು ಹೆಚ್ಚಾಗಿ ಅದೇ ಪಟ್ಟಿಗೆ ಹಾಕುತ್ತಾರೆ. ಖಾಸಗಿ ವಿಮೆಯವರೂ ಹಾಗೇ ಹೇಳಬಹುದು, ಮೊದಲೇ ಬರಹದಲ್ಲಿ ಕೇಳಿ. ಆದರೆ ಖಾಸಗಿ ಆಸ್ಪತ್ರೆಯೊಂದೇ ದಾರಿಯಲ್ಲ. ಗ್ರಂಥಿ ತೆಗೆಯುವುದನ್ನು ಸರ್ಕಾರಿ ಮೆಡಿಕಲ್ ಕಾಲೇಜಿನ ಸರ್ಜರಿ ವಿಭಾಗದಲ್ಲೂ ವಿಚಾರಿಸಬಹುದು. ಬೆಂಗಳೂರಿನ ವಿಕ್ಟೋರಿಯಾ ಆಸ್ಪತ್ರೆಯಂಥ ಕಡೆ ಪ್ಲಾಸ್ಟಿಕ್ ಸರ್ಜರಿ ವಿಭಾಗವೇ ಇದೆ. ಅಲ್ಲಿ ಸರದಿ ಕಾಯಬೇಕು, ಓಡಾಟ ಜಾಸ್ತಿ, ಆದರೆ ಖರ್ಚಿನಲ್ಲಿ ಬಹಳ ವ್ಯತ್ಯಾಸ.

ನಾವು ಹೇಳಿದ ಹುಡುಗನನ್ನು ತಾಯಿ ಸರ್ಕಾರಿ ಮೆಡಿಕಲ್ ಕಾಲೇಜಿಗೆ ಕರೆದುಕೊಂಡು ಹೋದರು. ರಕ್ತ ಪರೀಕ್ಷೆಯಲ್ಲಿ ದೋಷ ಸಿಗಲಿಲ್ಲ. ಎರಡೂ ಕಡೆ ಗ್ರಂಥಿ ಇತ್ತು. ತೂಕ ಇನ್ನೂ ಇಳಿಯುತ್ತಿದ್ದುದರಿಂದ ಏಳು ತಿಂಗಳು ಕಾಯಿಸಿದರು, ಆಮೇಲೆ ಗ್ರಂಥಿ ಮಾತ್ರ ತೆಗೆದರು. ಸಂಘದಿಂದ ಕೊನೆಗೆ ತೆಗೆದದ್ದು 18,000, ಅದರಲ್ಲಿ ಮನೆಯಲ್ಲಿ ಕುಳಿತ ವಾರಗಳ ಖರ್ಚೂ ಸೇರಿತ್ತು. ಚರ್ಮ ಇನ್ನೂ ಸ್ವಲ್ಪ ಸಡಿಲವಿದೆ, ಅದಕ್ಕೆ ಮತ್ತೆ ಕತ್ತರಿ ಹಾಕಿಸುವುದಿಲ್ಲ ಎಂದು ಹುಡುಗನೇ ಹೇಳಿದ್ದಾನೆ. ಈಗ ಒಂದೇ ಬನಿಯನ್ ಹಾಕುತ್ತಾನಂತೆ. ಕೆರೆಗೆ ಇನ್ನೂ ಹೋಗಿಲ್ಲ.