ಶಿಶುಗಳ ದ್ರವೌಷಧ: ತೂಕ, ಸಾರತೆ, ಅಳತೆ

ಶಿಶುಗಳಿಗೆ ಕೊಡುವ ಔಷಧದ ಪ್ರಮಾಣವನ್ನು ನಿರ್ಣಯಿಸಲು ಹಿಂದೆ ವಯಸ್ಸನ್ನು ಆಧಾರವಾಗಿ ಹಿಡಿದ ಸೂತ್ರಗಳು ಬಳಕೆಯಲ್ಲಿದ್ದುವು. ಯಂಗನ ಸೂತ್ರ ಅವುಗಳಲ್ಲಿ ಪ್ರಸಿದ್ಧವಾದುದು. ಮಗುವಿನ ವಯಸ್ಸನ್ನು, ಅದೇ ವಯಸ್ಸಿಗೆ 12 ಕೂಡಿಸಿದ ಮೊತ್ತದಿಂದ ಭಾಗಿಸಿದರೆ, ವಯಸ್ಕರ ಪ್ರಮಾಣದಲ್ಲಿ ಎಷ್ಟು ಅಂಶ ಸಲ್ಲುವುದೆಂದು ತಿಳಿಯುತ್ತಿತ್ತು. ಆದರೆ ಒಂದೇ ವಯಸ್ಸಿನ ಮಕ್ಕಳಲ್ಲಿ ಒಂದು 8 ಕಿಲೋಗ್ರಾಂ, ಇನ್ನೊಂದು 12 ಕಿಲೋಗ್ರಾಂ ತೂಗಬಹುದು. ಸೂತ್ರವು ಈ ಭೇದವನ್ನು ಕಾಣದು. ಆದುದರಿಂದ ಇಂದು ಹೆಚ್ಚಿನ ಔಷಧಗಳಿಗೆ ತೂಕವೇ ಮುಖ್ಯ ಆಧಾರ.

ಜ್ವರಕ್ಕೆ ಕೊಡುವ ಪ್ಯಾರಾಸಿಟಮಾಲನ್ನು ಉದಾಹರಣೆಯಾಗಿ ತೆಗೆದುಕೊಳ್ಳೋಣ. ಒಂದು ಸಲಕ್ಕೆ ಕಿಲೋಗ್ರಾಮಿಗೆ 10ರಿಂದ 15 ಮಿಲಿಗ್ರಾಂ ರೂಢಿಯ ಪ್ರಮಾಣ. 15ನ್ನು ಹಿಡಿದರೆ, 10 ಕಿಲೋಗ್ರಾಂ ತೂಕದ ಮಗುವಿಗೆ 150 ಮಿಲಿಗ್ರಾಂ ಬೇಕು. ಗಣಿತವು ಇಲ್ಲಿಗೆ ಮುಗಿಯಿತೆಂದು ತೋರಬಹುದು. ಆದರೆ ಅಪಾಯವು ಇಲ್ಲಿಂದಲೇ ಮೊದಲಾಗುತ್ತದೆ. ವೈದ್ಯರು ಮಿಲಿಗ್ರಾಮಿನಲ್ಲಿ ಯೋಚಿಸುತ್ತಾರೆ. ತಾಯಿ ಅಳೆಯುವುದು ಮಿಲಿಲೀಟರಿನಲ್ಲಿ. ಇವೆರಡನ್ನು ಜೋಡಿಸುವುದು ದ್ರವದ ಸಾರತೆ, ಎಂದರೆ ಒಂದು ಮಿಲಿಲೀಟರಿನಲ್ಲಿ ಅಡಗಿರುವ ಔಷಧದ ತೂಕ.

ನಮ್ಮ ದೇಶದ ಔಷಧದಂಗಡಿಗಳಲ್ಲಿ ಈ ಔಷಧವು ಹಲವು ಸಾರತೆಗಳಲ್ಲಿ ದೊರೆಯುತ್ತದೆ. 5 ಮಿಲಿಲೀಟರಿಗೆ 125 ಮಿಲಿಗ್ರಾಂ ಇರುವ ಸಿರಪ್ಪಿನಲ್ಲಿ ಮೇಲಿನ ಮಗುವಿಗೆ 6 ಮಿಲಿಲೀಟರ್ ಬೇಕು. 250 ಮಿಲಿಗ್ರಾಂ ಇರುವುದರಲ್ಲಿ 3 ಸಾಕು. ಮಿಲಿಲೀಟರಿಗೆ 100 ಮಿಲಿಗ್ರಾಂ ಇರುವ ಶಿಶುಗಳ ಹನಿಯಲ್ಲಿ ಕೇವಲ ಒಂದೂವರೆ. ‘ಕಳೆದ ಸಲ 6 ಕೊಟ್ಟಿದ್ದೆವು’ ಎಂಬ ನೆನಪಿನಿಂದ ಈ ಹನಿಯನ್ನು 6 ಮಿಲಿಲೀಟರ್ ಕುಡಿಸಿದರೆ 600 ಮಿಲಿಗ್ರಾಂ ಒಳಸೇರುತ್ತದೆ. ನಾಲ್ಕು ಸಲಕ್ಕೆ ಹಂಚಬೇಕಾದುದು ಒಂದೇ ಸಲಕ್ಕೆ ಹೋದಂತಾಯಿತು. ಇಂಥ ಅತಿಪ್ರಮಾಣವು ಮರುಕಳಿಸಿದರೆ ಯಕೃತ್ತಿಗೆ ತೀವ್ರ ಹಾನಿಯುಂಟಾಗಬಹುದು. ಅಮೆರಿಕದಲ್ಲಿ ಇದೇ ಬಗೆಯ ಗೊಂದಲವನ್ನು ನಿವಾರಿಸಲು 2011ರಲ್ಲಿ ತಯಾರಕರು ಶಿಶುಗಳಿಗೂ ಮಕ್ಕಳಿಗೂ 5 ಮಿಲಿಲೀಟರಿಗೆ 160 ಮಿಲಿಗ್ರಾಂ ಎಂಬ ಒಂದೇ ಸಾರತೆಯನ್ನು ಅನುಸರಿಸಲು ನಿರ್ಧರಿಸಿದರು.

ಇನ್ನು ಅಳತೆಯ ಸಾಧನ. ಮನೆಯ ಚಮಚಗಳ ಗಾತ್ರ ಒಂದೇ ಸಮನಾಗಿರುವುದಿಲ್ಲ. ಗೆರೆಗಳಿರುವ ಪಿಚಕಾರಿ ಅಥವಾ ಸೀಸೆಯೊಡನೆ ಬರುವ ಅಳತೆಯ ಬಟ್ಟಲೇ ಯೋಗ್ಯ.

ತೂಕವನ್ನು ಕಿಲೋಗ್ರಾಂ ಪ್ರಮಾಣದಿಂದ ಗುಣಿಸುವುದು, ಬಂದುದನ್ನು ಸಾರತೆಯಿಂದ ಭಾಗಿಸುವುದು: ಗಣಿತವಿಷ್ಟೆ. ಆದರೆ ಪ್ರಮಾಣವನ್ನು ಗೊತ್ತುಮಾಡತಕ್ಕವರು ವೈದ್ಯರು. ಸೀಸೆ ಬದಲಾದಾಗಲೆಲ್ಲ ಚೀಟಿಯನ್ನೋದಿ ಭಾಗಾಕಾರವನ್ನು ಹೊಸದಾಗಿ ಮಾಡತಕ್ಕದ್ದು. ಬರಿಯ ಮಿಲಿಲೀಟರ್ ಔಷಧದ ಪ್ರಮಾಣವಲ್ಲ ಎಂಬುದನ್ನು ವಿದ್ಯಾರ್ಥಿಗಳು ಮನೆಮನೆಗೂ ತಿಳಿಸಬೇಕೆಂಬುದೇ ನಮ್ಮ ಆಶಯ.