ಚೀಲ ಕಾಯುವವರು ಯಾರು? - ವಿಜಯಪುರಕ್ಕೆ ಮೊದಲ ಸಲ ಹೋಗುವವರಿಗೆ



ನಾನು ವಿಜಯಪುರಕ್ಕೆ ಎರಡು ಸಲ ಹೋಗಿದ್ದೇನೆ. ಆದರೆ ಆ ಊರನ್ನು ನೋಡಿದ್ದು ಒಂದೇ ಸಲ.

ಮೊದಲ ಸಲ ಹೋದದ್ದು 2004ರ ಎಪ್ರಿಲ್ ತಿಂಗಳಲ್ಲಿ, ಮಕ್ಕಳ ಬೇಸಿಗೆ ರಜೆಯಲ್ಲಿ. ಆಗ ಆ ಊರಿಗೆ ಬಿಜಾಪುರ ಎಂಬ ಹೆಸರೇ ಇತ್ತು, 2014ರ ನವೆಂಬರ್‌ನಲ್ಲಿ ಅದು ವಿಜಯಪುರವಾಯಿತು. ಕರಾವಳಿಯ ನಮ್ಮ ಮನೆಯಿಂದ ಬಾಡಿಗೆ ವ್ಯಾನಿನಲ್ಲಿ ಹದಿನಾಲ್ಕು ಮಂದಿ ಹೊರಟಿದ್ದೆವು. ಮನೆಯ ಗಂಡಸರೊಬ್ಬರು ಮದುವೆ ಕಾಗದದ ಹಿಂಬದಿಯಲ್ಲಿ ನೋಡಬೇಕಾದ ಸ್ಥಳಗಳ ಪಟ್ಟಿ ಬರೆದಿದ್ದರು. ಒಂದೇ ದಿನದಲ್ಲಿ ಒಂಬತ್ತು ಸ್ಥಳಗಳು!

ಗೋಲ ಗುಮ್ಮಟದ ಮುಂದೆ ವ್ಯಾನ್ ನಿಂತಾಗ ನಡು ಮಧ್ಯಾಹ್ನ. ನನ್ನ ಮಡಿಲಲ್ಲಿ ಹತ್ತು ತಿಂಗಳ ಮಗು. ಊಟದ ಕ್ಯಾರಿಯರ್, ನೀರಿನ ಕ್ಯಾನ್, ಬಟ್ಟೆಯ ಚೀಲಗಳು. ಯಾರಾದರೂ ಅವನ್ನು ನೋಡಿಕೊಳ್ಳಬೇಕಿತ್ತು. ಯಾರೆಂದು ಯಾರೂ ಕೇಳಲಿಲ್ಲ, ಯಾರೂ ಹೇಳಲೂ ಇಲ್ಲ. ನಾನೂ ನನ್ನ ಉಮ್ಮನೂ ಮರದ ನೆರಳಿನಲ್ಲಿ ಕುಳಿತೆವು, ಉಳಿದವರು ಮೇಲೆ ಹತ್ತಿದರು. ಮುಕ್ಕಾಲು ಗಂಟೆಯ ಬಳಿಕ ಏದುಸಿರು ಬಿಡುತ್ತಾ ಇಳಿದು ಬಂದ ಮಕ್ಕಳು, "ಅಲ್ಲಿ ಪಿಸುಗುಟ್ಟಿದರೆ ಇಲ್ಲಿ ಕೇಳಿಸುತ್ತದೆ ಉಮ್ಮಾಮಾ! ನೀವೇನು ನೋಡಿದಿರಿ?" ಎಂದರು. ಉಮ್ಮ ನಗುತ್ತಾ, "ನಾವು ಹನ್ನೆರಡು ಜೊತೆ ಚಪ್ಪಲಿ ನೋಡಿದೆವು" ಎಂದರು. ಎಲ್ಲರೂ ನಕ್ಕರು, ನಾನೂ ನಕ್ಕೆ. ವ್ಯಾನ್ ಹತ್ತುವಾಗ ಮಾತ್ರ ಉಮ್ಮ ಒಮ್ಮೆ ಹಿಂದಿರುಗಿ ಗುಮ್ಮಟವನ್ನು ನೋಡಿ, "ಇನ್ಶಾ ಅಲ್ಲಾಹ್, ಮುಂದಿನ ಸಲ ಹತ್ತುವಾ" ಎಂದರು.

ಉಮ್ಮನಿಗೆ ಆ ಮುಂದಿನ ಸಲ ಬರಲಿಲ್ಲ. 2011ರಲ್ಲಿ ಅವರು ಅಲ್ಲಾಹನ ಕರೆಗೆ ಓಗೊಟ್ಟರು.

2023ರಲ್ಲಿ ನಾವು ಪುನಃ ವಿಜಯಪುರಕ್ಕೆ ಹೊರಟಾಗ ಪಟ್ಟಿಯನ್ನು ನಾನೇ ಬರೆಯುತ್ತೇನೆಂದು ಹೇಳಿದೆ. ಮನೆಯವರು ಸಂತೋಷದಿಂದಲೇ ಒಪ್ಪಿದರು. ಆ ಪಟ್ಟಿಯನ್ನು ಇಲ್ಲಿ ನಿಮ್ಮ ಮುಂದಿಡುತ್ತಿದ್ದೇನೆ. ನಿಮ್ಮ ಮನೆಯಲ್ಲೂ ಒಬ್ಬ ಉಮ್ಮ, ಒಬ್ಬ ಅತ್ತೆ, ಕಂಕುಳಲ್ಲಿ ಮಗುವಿರುವ ಒಬ್ಬ ಸೊಸೆ ಇರಬಹುದಲ್ಲವೇ?

ಹೊರಡುವ ಮೊದಲು

ಮೊದಲನೆಯ ಮಾತು ಕಾಲದ್ದು. ಮಾರ್ಚ್‌ನಿಂದ ಮೇ ತನಕ ವಿಜಯಪುರದ ಬಿಸಿಲು ಕರಾವಳಿಯವರಿಗೆ ತಡೆಯಲಾಗದು. ಬೇಸಿಗೆ ರಜೆಗೆ ಕಾಯುವ ಬದಲು ದಸರಾ ರಜೆಯನ್ನು ಆರಿಸಿಕೊಳ್ಳಿ. ಅಕ್ಟೋಬರ್‌ನಿಂದ ಫೆಬ್ರವರಿ ತನಕ ಹವೆ ಹಿತವಾಗಿರುತ್ತದೆ. ಶಾಲಾ ಪ್ರವಾಸಗಳು ಹೆಚ್ಚಾಗಿ ಡಿಸೆಂಬರ್ ಮತ್ತು ಜನವರಿಯಲ್ಲಿ ಬರುವುದರಿಂದ ಆ ಎರಡು ತಿಂಗಳಲ್ಲಿ ಜನಸಂದಣಿ ಜಾಸ್ತಿ.

ಎರಡನೆಯದು ವಾರದ ದಿನ. ಗೋಲ ಗುಮ್ಮಟದ ಆವರಣದಲ್ಲಿರುವ ವಸ್ತು ಸಂಗ್ರಹಾಲಯಕ್ಕೆ ಶುಕ್ರವಾರ ರಜೆ. ಜಾಮಿಯಾ ಮಸೀದಿಯಲ್ಲೂ ಅಂದು ಜುಮಾದ ಜನ ತುಂಬಿರುತ್ತಾರೆ, ನಿಧಾನವಾಗಿ ನೋಡಲಾಗದು. ಭಾನುವಾರ ಎಲ್ಲೆಡೆ ಗದ್ದಲ. ಸಾಧ್ಯವಾದರೆ ಸೋಮವಾರದಿಂದ ಗುರುವಾರದೊಳಗೆ ಎರಡು ದಿನ ಇಟ್ಟುಕೊಳ್ಳಿ. ಒಂದು ದಿನ ಸಾಲದು, ಎರಡು ದಿನವಾದರೆ ಅವಸರವಿಲ್ಲ. ಬೆಂಗಳೂರಿನಿಂದ ಗೋಲ್‌ಗುಂಬಜ್ ಎಕ್ಸ್‌ಪ್ರೆಸ್ ಇದೆ, ಮಂಗಳೂರಿನಿಂದಲೂ ರಾತ್ರಿಯ ರೈಲು ಇದೆ. ರಾತ್ರಿ ಮಲಗಿಕೊಂಡು ಹೋದರೆ ವೃದ್ಧರಿಗೂ ಮಕ್ಕಳಿಗೂ ಆಯಾಸ ಕಡಿಮೆ.

ಮೂರನೆಯದು ನಕ್ಷೆ. ಎಂಟನೇ ತರಗತಿಯಲ್ಲಿದ್ದ ನನ್ನ ಮಗಳಿಂದ ನೋಟ್‌ಬುಕ್‌ನಲ್ಲಿ ಒಂದು ಗೆರೆ ಎಳೆಸಿದೆ. ಪೂರ್ವದ ತುದಿಯಲ್ಲಿ ಗೋಲ ಗುಮ್ಮಟ, ಪಶ್ಚಿಮದ ತುದಿಯಲ್ಲಿ ಇಬ್ರಾಹೀಮ್ ರೋಜಾ, ನಡುವೆ ಒಳಕೋಟೆ ಮತ್ತು ಜಾಮಿಯಾ ಮಸೀದಿ. ಇಷ್ಟು ಗೊತ್ತಿದ್ದರೆ ಆಟೋದಲ್ಲಿ ಆಚೀಚೆ ಓಡಿ ಹಣವನ್ನೂ ಸಮಯವನ್ನೂ ಕಳೆಯುವುದು ತಪ್ಪುತ್ತದೆ. ನಾವು ಒಂದು ದಿನ ನಡುವಿನ ಭಾಗಕ್ಕೆ, ಇನ್ನೊಂದು ದಿನ ಎರಡು ತುದಿಗಳಿಗೆ ಎಂದು ಹಂಚಿಕೊಂಡೆವು.

ನಾಲ್ಕನೆಯದು ಕಥೆ. ಕಥೆ ಗೊತ್ತಿಲ್ಲದೆ ಹೋದರೆ ಮಕ್ಕಳಿಗೆ ಎಲ್ಲ ಕಟ್ಟಡಗಳೂ ಒಂದೇ ತರಹದ ಕಲ್ಲು. ಆದಿಲ್‌ಶಾಹಿಗಳು ಹದಿನೈದನೇ ಶತಮಾನದ ಕೊನೆಯಿಂದ 1686ರವರೆಗೆ, ಸುಮಾರು ಇನ್ನೂರು ವರ್ಷ ಇಲ್ಲಿಂದ ಆಳಿದರು. ಹೊರಡುವ ವಾರದಲ್ಲಿ ನಾನು ಮಕ್ಕಳಿಗೆ ಪ್ರತಿ ರಾತ್ರಿ ಒಬ್ಬೊಬ್ಬರ ಕಥೆ ಹೇಳಿದೆ. ಮೊದಲ ರಾತ್ರಿ ಚಾಂದ್ ಬೀಬಿಯದು. 1580ರಲ್ಲಿ ಪತಿ ಒಂದನೇ ಅಲಿ ಆದಿಲ್‌ಶಾ ತೀರಿಕೊಂಡಾಗ ಪಟ್ಟಕ್ಕೆ ಬಂದ ಎರಡನೇ ಇಬ್ರಾಹೀಮ್ ಇನ್ನೂ ಸಣ್ಣ ಬಾಲಕ. ಅವನ ಪರವಾಗಿ ರಾಜ್ಯದ ಹೊಣೆ ಹೊತ್ತವರು ಚಾಂದ್ ಬೀಬಿ. ಮುಂದೆ ತವರಾದ ಅಹ್ಮದ್‌ನಗರಕ್ಕೆ ಅಕ್ಬರನ ಸೈನ್ಯ ಮುತ್ತಿಗೆ ಹಾಕಿದಾಗ ಕೋಟೆಯ ರಕ್ಷಣೆಗೆ ನಿಂತವರೂ ಅವರೇ. ಕಥೆ ಮುಗಿದ ಮೇಲೆ ಮಗಳು, "ಅವರ ಚೀಲ ಯಾರು ಕಾಯುತ್ತಿದ್ದರು ಉಮ್ಮಾ?" ಎಂದು ಕೇಳಿದಳು. ನನ್ನ ಹಳೆಯ ಕಥೆ ಅವಳಿಗೆ ಗೊತ್ತಿತ್ತಲ್ಲ!

ಮೊದಲ ದಿನ: ಊರಿನ ನಡುಭಾಗ

ಬೆಳಗ್ಗೆ ಇಳಿದವರು ಕೂಡಲೇ ಸ್ಥಳ ನೋಡಲು ಓಡಬೇಡಿ. ಕೋಣೆ ಹಿಡಿದು, ಸ್ನಾನ ಮಾಡಿ, ಜೋಳದ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಚಟ್ನಿಯ ಊಟ ಮಾಡಿ ಸ್ವಲ್ಪ ಮಲಗಿ. ಸಾಮಾನೆಲ್ಲ ಕೋಣೆಯಲ್ಲೇ ಇರಲಿ. ಒಂದು ಕೋಣೆಯ ಬಾಡಿಗೆ ಉಳಿಸಲು ಹೋದರೆ ಮನೆಯ ಒಬ್ಬಳು ಹೆಣ್ಣಿನ ಪ್ರವಾಸವೇ ಹೋಗುತ್ತದೆ, ಲೆಕ್ಕ ಹಾಕಿ ನೋಡಿ.

ಮೂರು ಗಂಟೆಗೆ ಜಾಮಿಯಾ ಮಸೀದಿಗೆ ಹೋಗಿ. ಒಂದನೇ ಅಲಿ ಆದಿಲ್‌ಶಾ ಇದನ್ನು ಆರಂಭಿಸಿದ. ಸಾಲು ಸಾಲು ಕಮಾನುಗಳ ನಡುವೆ ನಿಂತರೆ ಮಾತು ತಾನಾಗಿ ಮೆಲ್ಲಗಾಗುತ್ತದೆ. ನೆಲದ ಮೇಲೆ ಒಬ್ಬೊಬ್ಬರಿಗೆ ಒಂದೊಂದರಂತೆ ಮುಸಲ್ಲಾದ ಆಕಾರದ ಸುಮಾರು 2,250 ಚೌಕಗಳಿವೆ. ಔರಂಗಜೇಬ್ ಊರನ್ನು ಗೆದ್ದ ಬಳಿಕ ಮಾಡಿಸಿದ್ದು ಎನ್ನುತ್ತಾರೆ. ಚಿನ್ನದ ಬಣ್ಣದ ಬರಹಗಳಿರುವ ಮಿಹ್ರಾಬನ್ನು ತಪ್ಪದೆ ನೋಡಿ. ಪರದೆ ಮುಚ್ಚಿದ್ದರೆ ಅಲ್ಲಿಯವರನ್ನು ವಿನಯದಿಂದ ಕೇಳಿ. ಜಮಾಅತ್‌ನ ಸಮಯ ಬಿಟ್ಟು ಹೋದರೆ ಮಹಿಳೆಯರಿಗೂ ನೋಡಲು ಅನುಕೂಲ. ನಮ್ಮ ಅಸರ್ ನಮಾಝ್ ಎಲ್ಲಿ ಎಂಬುದನ್ನೂ ಮೊದಲೇ ನಿಶ್ಚಯಿಸಿ. ನಾವು ಪ್ರತಿಯೊಬ್ಬರ ಕೈಚೀಲದಲ್ಲಿ ತೆಳ್ಳಗಿನ ಮುಸಲ್ಲಾ ಇಟ್ಟಿದ್ದೆವು. ಪ್ರಯಾಣಿಕರಿಗೆ ನಮಾಝ್‌ನಲ್ಲಿರುವ ರಿಯಾಯಿತಿಯನ್ನು ನಿಮ್ಮ ಮದ್‌ಹಬ್‌ನ ಪ್ರಕಾರ ತಿಳಿದುಕೊಂಡೇ ಹೊರಡಿ.

ಅಲ್ಲಿಂದ ಒಳಕೋಟೆಯ ಕಡೆಗೆ ಹೋಗುವಾಗ ಮೆಹ್ತರ್ ಮಹಲ್ ಸಿಗುತ್ತದೆ. ಹೆಸರು ಮಹಲ್ ಆದರೂ ಅದು ಒಂದು ಪುಟ್ಟ ಮಸೀದಿಯ ಹೆಬ್ಬಾಗಿಲು. ಕಲ್ಲಿನಲ್ಲಿ ಮರದ ಕೆತ್ತನೆಯಂಥ ನಾಜೂಕು! ಆಮೇಲೆ ಗಗನ್ ಮಹಲ್. 1561ರಲ್ಲಿ ಕಟ್ಟಿದ ಈ ಅರಮನೆಯಲ್ಲಿ ಈಗ ಛಾವಣಿ ಇಲ್ಲ, ಆ ವಿಶಾಲವಾದ ಕಮಾನು ಮಾತ್ರ ನಿಂತಿದೆ. 1686ರಲ್ಲಿ ಕೊನೆಯ ಸುಲ್ತಾನ ಸಿಕಂದರ್ ಬೆಳ್ಳಿಯ ಸರಪಳಿಯಲ್ಲಿ ಔರಂಗಜೇಬನ ಮುಂದೆ ನಿಂತದ್ದು ಇಲ್ಲೇ ಎಂದು ಹೇಳುತ್ತಾರೆ. ಹಿಂದಿನವರ ಅಂತ್ಯವನ್ನು ನೋಡಿ ಪಾಠ ಕಲಿಯಲು ಕುರ್‌ಆನ್ ನಮ್ಮನ್ನು ಮತ್ತೆ ಮತ್ತೆ ಕರೆಯುವುದು ಏಕೆಂಬುದು ಆ ಕಮಾನಿನ ಕೆಳಗೆ ನಿಂತಾಗ ಅರ್ಥವಾಗುತ್ತದೆ.

ಸಮೀಪದ ಅಸಾರ್ ಮಹಲ್ ಬಗ್ಗೆ ಮೊದಲೇ ತಿಳಿದಿರುವುದು ಒಳ್ಳೆಯದು. 1646ರ ಸುಮಾರಿಗೆ ಇದನ್ನು ನ್ಯಾಯಾಲಯವಾಗಿ ಕಟ್ಟಲಾಯಿತು. ಪ್ರವಾದಿಯವರ(ಸ) ಕೇಶ ಇಲ್ಲಿದೆ ಎಂಬ ನಂಬಿಕೆಯಿದೆ. ಒಳಗೆ ಮಹಿಳೆಯರನ್ನು ಬಿಡುವುದಿಲ್ಲ. ಇದು ಗೊತ್ತಿಲ್ಲದೆ ಹೋಗಿ ಬಾಗಿಲಲ್ಲಿ ಮುಖ ಸಣ್ಣದು ಮಾಡಿಕೊಳ್ಳುವುದು ಬೇಡ. ಎತ್ತರದ ಮರದ ಕಂಬಗಳನ್ನೂ ಮುಂದಿನ ಕೊಳವನ್ನೂ ಹೊರಗಿನಿಂದಲೇ ನೋಡಬಹುದು. ನಮ್ಮ ಮನೆಯ ಗಂಡಸರು ತಾವೂ ಒಳಗೆ ಹೋಗಲಿಲ್ಲ. "ಎಲ್ಲರೂ ಹೊರಗಿನಿಂದಲೇ ನೋಡೋಣ" ಎಂದರು. ನಾನು ಬಾಯಿ ಬಿಟ್ಟು ಕೇಳಿರಲಿಲ್ಲ. ಆದರೆ ಇಡೀ ಪ್ರವಾಸದಲ್ಲಿ ನನಗೆ ಅತ್ಯಂತ ಸಂತೋಷ ಕೊಟ್ಟ ಮಾತು ಅದು.

ಸಂಜೆ ಬಾರಾ ಕಮಾನ್. ಎರಡನೇ ಅಲಿ ಆದಿಲ್‌ಶಾ ತನಗಾಗಿ ಆರಂಭಿಸಿದ ಈ ಗೋರಿ 1672ರಲ್ಲಿ ಅವನ ಮರಣದ ಬಳಿಕ ಪೂರ್ಣವಾಗಲೇ ಇಲ್ಲ. ಬರಿಯ ಕಮಾನುಗಳು ಆಕಾಶಕ್ಕೆ ತೆರೆದು ನಿಂತಿವೆ. ಮಕ್ಕಳು ಓಡಾಡಲಿ, ದೊಡ್ಡವರು ಕುಳಿತು ಕಾಲು ಚಾಚಲಿ.

ಎರಡನೇ ದಿನ: ಪೂರ್ವ ಮತ್ತು ಪಶ್ಚಿಮ

ಫಜ್ರ್ ನಮಾಝ್ ಮುಗಿಸಿ ನೇರವಾಗಿ ಗೋಲ ಗುಮ್ಮಟಕ್ಕೆ ಹೋಗಿ. ಬೆಳಗ್ಗೆ ಬೇಗನೇ ತೆರೆಯುತ್ತದೆ. ಹದಿನೈದು ವರ್ಷದೊಳಗಿನ ಮಕ್ಕಳಿಗೆ ಟಿಕೆಟ್ ಇಲ್ಲ. ಇಷ್ಟು ಬೇಗ ಹೋಗಲು ಕಾರಣವಿದೆ. ಜನ ಸೇರಿದರೆ ಮಕ್ಕಳ ಕೂಗಾಟದಲ್ಲಿ ಪಿಸುಮಾತು ಮುಳುಗಿಹೋಗುತ್ತದೆ, ಮೇಲೆ ಹತ್ತಿದ್ದೂ ವ್ಯರ್ಥ.

ಇದು ಮುಹಮ್ಮದ್ ಆದಿಲ್‌ಶಾನ ಗೋರಿ. ಅವನು ಆಳಿದ್ದು 1627ರಿಂದ 1656ರವರೆಗೆ. ಗುಮ್ಮಟದ ಹೊರಗಿನ ಅಡ್ಡಳತೆ ಸುಮಾರು 44 ಮೀಟರ್. ಒಳಗೆ ಒಂದೇ ಒಂದು ಕಂಬವಿಲ್ಲ. ನಡುವೆ ನಿಂತು ಮೇಲೆ ನೋಡಿ. ಕಮಾನುಗಳು ಒಂದನ್ನೊಂದು ಹಾದು ಹೆಣೆದುಕೊಂಡು ನಾಲ್ಕು ಮೂಲೆಯ ಕೋಣೆಯನ್ನು ಮೆಲ್ಲಗೆ ದುಂಡಗೆ ಮಾಡುವುದು ಕಾಣುತ್ತದೆ. ಗುಮ್ಮಟದ ಭಾರವನ್ನು ಹೊತ್ತಿರುವುದು ಆ ಹೆಣಿಗೆ. ಮಕ್ಕಳು ಎರಡು ಕೈಗಳ ಬೆರಳು ಹೆಣೆದು ನೋಡಿದರೆ ವಿಷಯ ಸುಲಭವಾಗಿ ತಿಳಿಯುತ್ತದೆ.

ಮೂಲೆಯ ಗೋಪುರದೊಳಗೆ ಏಳು ಅಂತಸ್ತು ಹತ್ತಬೇಕು. ನೂರಕ್ಕೂ ಹೆಚ್ಚು ಮೆಟ್ಟಿಲುಗಳು, ಅವೂ ಕಡಿದು, ಇಕ್ಕಟ್ಟು. ಹೃದಯದ ತೊಂದರೆ ಇರುವವರು, ಗರ್ಭಿಣಿಯರು, ಮಂಡಿ ನೋವಿನವರು ಹತ್ತಬಾರದು. ಎಪ್ಪತ್ತು ದಾಟಿದ ನನ್ನ ಅತ್ತೆಗೆ ಹತ್ತಲು ಸಾಧ್ಯವಿರಲಿಲ್ಲ. ಹಾಗೆಂದು ಅವರನ್ನು ಹೊರಗೆ ಚೀಲದ ಜೊತೆ ಕೂರಿಸಲಿಲ್ಲ. ನಾವು ಎರಡು ಗುಂಪಾದೆವು. ಮೊದಲು ನಾನೂ ಮಗಳೂ ನಾದಿನಿಯೂ ಹತ್ತಿದೆವು. ನನ್ನ ಪತಿ ಮತ್ತು ಮಗ ಅತ್ತೆಯ ಕೈಹಿಡಿದು ಗುಮ್ಮಟದ ಕೆಳಗೆ ನಿಧಾನವಾಗಿ ಸುತ್ತು ತೋರಿಸಿದರು. ನಾವು ಇಳಿದ ಮೇಲೆ ಅವರ ಸರದಿ. 2004ರಲ್ಲಿ ನನ್ನ ಮಡಿಲಲ್ಲಿ ನಿದ್ದೆ ಹೋಗಿದ್ದ ಮಗು ಇದೇ ಮಗ. ಈಗ ಅವನೇ ಅಜ್ಜಿಯ ಕಾವಲಿಗೆ ನಿಂತಿದ್ದ!

ಕೆಳಗೆ ಇಳಿದ ಮೇಲೆ ಸಂಗ್ರಹಾಲಯ ತೆರೆಯುವ ತನಕ ಆವರಣದಲ್ಲೇ ತಿಂಡಿ, ವಿಶ್ರಾಂತಿ. ಅಲ್ಲಿನ ಹಳೆಯ ಹಸ್ತಪ್ರತಿಗಳು, ಆಯುಧಗಳು, ಚಿತ್ರಗಳನ್ನು ನೋಡಲು ಒಂದು ಗಂಟೆ ಸಾಕು. ಮಧ್ಯಾಹ್ನ ಕೋಣೆಗೆ ಹಿಂದಿರುಗಿ.

ಬಿಸಿಲು ಇಳಿದ ಮೇಲೆ ಪಶ್ಚಿಮಕ್ಕೆ. ಮೊದಲು ತಾಜ್ ಬಾವಡಿ. ಎರಡನೇ ಇಬ್ರಾಹೀಮ್‌ನ ಪತ್ನಿ ತಾಜ್ ಸುಲ್ತಾನಾಳ ಹೆಸರಿನಲ್ಲಿ 1620ರಲ್ಲಿ ತೋಡಿಸಿದ ದೊಡ್ಡ ಬಾವಿ. ಮಳೆ ಕಡಿಮೆಯಿರುವ ಈ ನಾಡಿನಲ್ಲಿ ಅರಮನೆಗಿಂತ ಬಾವಿಯೇ ದೊಡ್ಡ ದಾನ. ಅನಂತರ ಇಬ್ರಾಹೀಮ್ ರೋಜಾ. ಒಂದೇ ಜಗಲಿಯ ಮೇಲೆ ಗೋರಿಯೂ ಮಸೀದಿಯೂ ಎದುರುಬದುರಾಗಿವೆ. ರಾಣಿಗಾಗಿ ಆರಂಭವಾದ ಕಟ್ಟಡವಂತೆ, ಆದರೆ 1627ರಲ್ಲಿ ಸುಲ್ತಾನನೇ ಮೊದಲು ತೀರಿಕೊಂಡ. ಗೋಲ ಗುಮ್ಮಟದಲ್ಲಿ ಗಾತ್ರ ದೊಡ್ಡದು, ಇಲ್ಲಿ ಕೆಲಸ ದೊಡ್ಡದು. ಗೋಡೆಗಳ ತುಂಬ ಬರಹ, ಕಿಟಕಿಯ ಜಾಲರಿಯಲ್ಲೂ ಅಕ್ಷರಗಳೇ. ಅರಬಿ ಓದಲು ಬರುವ ಮಕ್ಕಳಿಗೆ ಅಕ್ಷರ ಗುರುತಿಸಲು ಹೇಳಿ. ಮದ್ರಸಾದ ಪಾಠ ಕಲ್ಲಿನ ಮೇಲೆ ಸಿಕ್ಕಾಗ ಅವರಿಗಾಗುವ ಹಿಗ್ಗು ಹೇಳತೀರದು. ಎರಡು ದಿನದಲ್ಲಿ ಒಂದೇ ಸ್ಥಳಕ್ಕೆ ಹೆಚ್ಚು ಸಮಯ ಕೊಡುವುದಾದರೆ ಇಲ್ಲಿಗೆ ಕೊಡಿ.

ಸೂರ್ಯಾಸ್ತದ ಹೊತ್ತಿಗೆ ಕೋಟೆಗೋಡೆಯ ಮೇಲಿನ ಮಲಿಕ್-ಎ-ಮೈದಾನ್ ತೋಪು. 1549ರಲ್ಲಿ ಅಹ್ಮದ್‌ನಗರದಲ್ಲಿ ಎರಕ ಹೊಯ್ದದ್ದು, ಸುಮಾರು 55 ಟನ್ ಭಾರ. ಸಮೀಪದ ಉಪಲಿ ಬುರುಜು ಹತ್ತಬಲ್ಲವರಿಗೆ ಇಡೀ ಊರು ಕಾಣುತ್ತದೆ. ಹೊತ್ತು ಮೀರಿದ್ದರೆ ಬಿಟ್ಟುಬಿಡಿ. ಪಟ್ಟಿಯಲ್ಲಿ ಎರಡು ಸ್ಥಳ ಉಳಿದರೆ ನಷ್ಟವಿಲ್ಲ, ಮನೆಯಲ್ಲಿ ಒಬ್ಬರು ಉಳಿದರೆ ನಷ್ಟ.

ಕೊನೆಯ ಮಾತು

ನಮ್ಮಲ್ಲಿ ಎಷ್ಟೋ ಸಹೋದರಿಯರ ಪ್ರಯಾಣವೆಂದರೆ ಮದುವೆ ಮನೆ, ಹೆರಿಗೆ ಆಸ್ಪತ್ರೆ, ಮರಣದ ಮನೆ ಇಷ್ಟೇ. ವರ್ಷಗಳ ಬಳಿಕ ಒಮ್ಮೆ ಹೊರಟಾಗಲೂ ಅಡುಗೆ, ಮಗು, ಚೀಲಗಳ ಕಾವಲು ಅವರ ಪಾಲಿಗೇ ಬರುತ್ತದೆ. ಇದನ್ನು ಯಾರೂ ಕೆಟ್ಟ ಮನಸ್ಸಿನಿಂದ ಮಾಡುವುದಿಲ್ಲ, ಯಾರೂ ಯೋಚಿಸದಿರುವುದರಿಂದ ಹಾಗಾಗುತ್ತದೆ. ಆದ್ದರಿಂದ ಪಟ್ಟಿ ಬರೆಯುವಾಗ ಸ್ಥಳಗಳ ಹೆಸರಿನ ಎದುರು ಇನ್ನೊಂದು ಕಾಲಂ ಹಾಕಿ: ಆ ಹೊತ್ತಿನಲ್ಲಿ ಮಗು ಯಾರ ಕೈಯಲ್ಲಿ, ವೃದ್ಧರ ಜೊತೆ ಯಾರು, ಆಮೇಲೆ ಯಾರ ಸರದಿ? ಗಂಡಸರು ತಾವಾಗಿ ಹೇಳುವ ತನಕ ಕಾಯಬೇಡಿ. ಪ್ರೀತಿಯಿಂದ ಹೇಳಿ, ಹೆಚ್ಚಿನವರು ಕೇಳುತ್ತಾರೆ.

ಅಂದು ಬೆಳಗ್ಗೆ ಗುಮ್ಮಟದ ಮೇಲಿನ ಗ್ಯಾಲರಿಯಲ್ಲಿ ನಾನು ಗೋಡೆಗೆ ಕಿವಿಯಿಟ್ಟು ಕುಳಿತೆ. ಮಗಳು ಎದುರಿನ ಬದಿಗೆ ಹೋದಳು. ನಡುವೆ ಅಷ್ಟು ದೂರ, ಅಷ್ಟು ಆಳ. ಅವಳ ತುಟಿ ಅಲುಗಿದ್ದೂ ನನಗೆ ಕಾಣಲಿಲ್ಲ. ಆದರೆ ಕಿವಿಯ ಪಕ್ಕದಲ್ಲೇ ಯಾರೋ ಹೇಳಿದಂತೆ ಸ್ಪಷ್ಟವಾಗಿ ಕೇಳಿಸಿತು: "ಅಸ್ಸಲಾಮು ಅಲೈಕುಮ್ ಉಮ್ಮಾ, ಚಪ್ಪಲಿ ಯಾರು ನೋಡಿಕೊಳ್ಳುತ್ತಿದ್ದಾರೆ?"

ನಾನು ಸಲಾಮಿಗೆ ಉತ್ತರ ಹೇಳಿದೆ. ಆಮೇಲೆ ಉಮ್ಮನಿಗಾಗಿ ಅಲ್ಲೇ ಕುಳಿತು ದುಆ ಮಾಡಿದೆ.